ಎದೆಬಡಿತದ ಪಾಠ

ಕಾದ ಧೂಳಿನ ವಾಸನೆ. ಪ್ರೊಜೆಕ್ಟರಿನ ಗುಂಡಿ ಒತ್ತಿದ ಮರುಕ್ಷಣ ಅದು ಮೂಗಿಗೆ ಬಡಿದು, ವಿಜ್ಞಾನದ ಟೀಚರಿಗೆ ಒಂದು ಗಳಿಗೆ ತಾವೆಲ್ಲಿ ನಿಂತಿದ್ದೇವೆಂಬುದೇ ಮರೆತುಹೋಯಿತು. ಅಪ್ಪನ ಮರದ ರೇಡಿಯೊದಿಂದ ಇದೇ ವಾಸನೆ ಬರುತ್ತಿತ್ತು. ಅಪ್ಪನೂ ಮೇಷ್ಟ್ರೇ. ಶಾಲಾಮಕ್ಕಳಿಗೆಂದು ಬಿತ್ತರವಾಗುತ್ತಿದ್ದ ಪಾಠ ಕೇಳಿಸಲು ಮನೆಯ ರೇಡಿಯೊವನ್ನು ಟವೆಲಿನಲ್ಲಿ ಸುತ್ತಿ, ಎಳೆಮಗುವನ್ನು ಎತ್ತಿಕೊಂಡ ಹಾಗೆ ತರಗತಿಗೆ ಒಯ್ಯುತ್ತಿದ್ದರು. ಗುಂಡಿ ತಿರುಗಿಸಿದ ಕೂಡಲೇ ದನಿ ಬರುತ್ತಿರಲಿಲ್ಲ. ಮೊದಲು ವಾಸನೆ, ಆಮೇಲೆ ಮಾತು. ಆ ನಡುವಿನ ಹೊತ್ತಿನಲ್ಲಿ ಅಪ್ಪನ ಗಂಟಲು ಮೇಲೆ ಕೆಳಗೆ ಆಡುವುದನ್ನು ಆಗಿನ್ನೂ ಚಿಕ್ಕವರಾಗಿದ್ದ ಟೀಚರು ಮುಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದರು.

"ಮಿಸ್, ಏನೋ ಸುಟ್ಟ ವಾಸ್ನೆ."

"ಏನಿಲ್ಲ ಕಣೇ, ಧೂಳು ಅಷ್ಟೆ," ಎಂದರು ಟೀಚರು.

ಕೊನೆಯ ಬೆಂಚಿನಲ್ಲಿ ಇನ್‌ಸ್ಪೆಕ್ಟರಮ್ಮ ಕೂತಿದ್ದರು. ಏಳನೇ ತರಗತಿಯವರ ಅಳತೆಯ ಬೆಂಚು. ಅವರ ಮೊಣಕಾಲು ಡೆಸ್ಕಿಗೆ ಒತ್ತುತ್ತಿತ್ತು. ಹೋದ ವರ್ಷವೂ ಇವರೇ ಬಂದಿದ್ದರು. ಅಂದು ಎಲೆಯ ಪಾಠ. ಪರದೆಯ ಮೇಲೆ ಬಿಳಿಯ ಚಕ್ರವೊಂದು ಗಂಟೆ ಹೊಡೆಯುವವರೆಗೂ ಸುತ್ತಿದ್ದು ಬಿಟ್ಟರೆ ಮಕ್ಕಳಿಗೆ ಏನೂ ಕಂಡಿರಲಿಲ್ಲ. ಟೀಚರದು ಕಾಯಂ ಅಲ್ಲದ, ವರ್ಷ ವರ್ಷವೂ ಮುಂದುವರಿಸಬೇಕಾದ ಕೆಲಸ. ಈ ವರ್ಷದ ತಪಾಸಣೆಯ ದಿನ ಗೊತ್ತಾದಾಗ ಮುಖ್ಯೋಪಾಧ್ಯಾಯಿನಿ ಕೋಣೆಗೆ ಕರೆದು, ಮೆತ್ತಗೇ ಹೇಳಿದ್ದರು: "ಈ ಸಲವೂ ಹೀಗೇ ಆದ್ರೆ ನನ್ ಕೈಲೂ ಏನಿಲ್ಲಮ್ಮ. ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಅಂದಿನಿಂದ ಸಂಜೆಯಾದರೆ ಹುಡುಕಾಟ. ಹೃದಯದ ವಿಡಿಯೊಗಳೇನೋ ರಾಶಿ ರಾಶಿ ಇದ್ದವು. ಒಂದು ತಾಣ ಬಾಗಿಲಲ್ಲಿ 'ಉಚಿತ' ಎಂದು ಬರೆದುಕೊಂಡು, ಒಳಗೆ ಕಾಲಿಟ್ಟ ಕೂಡಲೇ ಬ್ಯಾಂಕ್ ಕಾರ್ಡಿನ ನಂಬರು ಕೇಳಿತು. ಇನ್ನೊಂದರಲ್ಲಿ ಪಾಠ ಹೇಳುವವನು ಬಸ್ಸು ತಪ್ಪಿಹೋಗುತ್ತದೆಂಬಂತೆ ಮಾತಾಡುತ್ತಿದ್ದ. ಮತ್ತೊಂದರಲ್ಲಿ ನಿಜವಾದ ಶಸ್ತ್ರಚಿಕಿತ್ಸೆ. ಟೀಚರೇ ಕಣ್ಣು ಮುಚ್ಚಿಕೊಂಡರು. ವೈದ್ಯಕೀಯ ಕಾಲೇಜೊಂದು ತನ್ನ ವಿದ್ಯಾರ್ಥಿಗಳಿಗೆಂದು ಇಟ್ಟಿದ್ದ ಎದೆಬಡಿತಗಳ ಪುಟವೂ ಸಿಕ್ಕಿತು. ಬರೀ ಸದ್ದು, ಚಿತ್ರವೇ ಇಲ್ಲ. ಇದನ್ನು ಯಾರು ಕೂತು ಕೇಳುತ್ತಾರೆಂದು ಪಕ್ಕಕ್ಕಿಟ್ಟರು. ಕೊನೆಗೆ ಹಿಡಿಸಿದ್ದು ಗಾಜಿನಂಥದೊಂದು ಹೃದಯ. ಅದರೊಳಗೆ ಕವಾಟಗಳು ತೆರೆದು ಮುಚ್ಚುವುದು ಕಣ್ಣಿಗೆ ಕಟ್ಟಿದ ಹಾಗಿತ್ತು. ಮಗಳ ಟ್ಯಾಬಿನಲ್ಲಿ ಮತ್ತೆ ಮತ್ತೆ ಹಾಕಿ ನೋಡಿದರು. ಒಂದೇ ಒಂದು ಜಾಹೀರಾತಿಲ್ಲ.

"ಅಮ್ಮಾ, ಆ ಹೃದಯ ನೋಡಿ ನೋಡಿ ನಂಗೇ ಎದೆನೋವು ಬರೋ ಹಾಗಿದೆ. ಊಟಕ್ಕೆ ಬಾ," ಎಂದಿದ್ದಳು ಮಗಳು ಹಿಂದಿನ ರಾತ್ರಿ.

"ನಿಂಗೆ ತಮಾಷೆ. ನಾಳೆ ಅಲ್ಲಿ ನಿಲ್ಲೋಳು ನಾನು."

ಬೆಳಿಗ್ಗೆಯೂ ತುತ್ತು ಇಳಿಯಲಿಲ್ಲ. ಊಟದ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೇ ಉಳಿದದ್ದು ಶಾಲೆಗೆ ಬಂದ ಮೇಲೆ ನೆನಪಾಯಿತು.

"ಏನು ಟೀಚರಮ್ಮ, ಇವತ್ತು ಸಿನಿಮಾ ಇದೆಯಂತೆ? ನಂಗೂ ಒಂದು ಟಿಕೆಟ್ ಇಟ್ಟಿರಿ," ಎಂದಿದ್ದರು ಗಣಿತದ ಮೇಷ್ಟ್ರು, ಶಿಕ್ಷಕರ ಕೋಣೆಯಲ್ಲಿ. ಅವರದು ಪಕ್ಕದ ಐದನೇ ತರಗತಿ. ನಡುವೆ ಇರುವುದು ಪ್ಲೈವುಡ್ ಗೋಡೆ. ವಿಜ್ಞಾನ ಮುಗಿದ ಕೂಡಲೇ ಇನ್‌ಸ್ಪೆಕ್ಟರಮ್ಮ ಅಲ್ಲಿಗೇ ಹೋಗುವವರಿದ್ದರು.

"ನೀವು ಸುಮ್ನಿರಿ ಮೇಷ್ಟ್ರೇ. ನಿಮ್ಮ ಮಕ್ಕಳ ಮಗ್ಗಿಯ ಕೂಗಿಗೆ ನಮ್ಮ ಹೃದಯ ನಿಂತೇ ಹೋಗುತ್ತೆ."

"ಕೂಗಿಸದೆ ಏನ್ ಮಾಡ್ಲಿ? ಇನ್‌ಸ್ಪೆಕ್ಟರಮ್ಮ ಬಂದ್ರೆ ಮೊದಲು ಕೇಳೋದೇ ಮಗ್ಗಿ. ನಮ್ಮವರಿಗೆ ಹನ್ನೆರಡು ದಾಟಿದ್ರೆ ನಾಲಿಗೆ ಹೊರಳಲ್ಲ."

ಈಗ ಗೋಡೆಯಾಚೆಯಿಂದ ಆ ಮಗ್ಗಿಯೇ ಅಲೆ ಅಲೆಯಾಗಿ ಬರುತ್ತಿತ್ತು. ಪರದೆಯ ಮೇಲೆ ಗಾಜಿನ ಹೃದಯ ಮೂಡಿತು. ಮೊದಲ ಕವಾಟ ಇನ್ನೇನು ತೆರೆಯಬೇಕು, ಹೆಂಗಸೊಬ್ಬಳು ಕೂದಲು ಬೀಸುತ್ತಾ ಪರದೆಯ ತುಂಬ ಬಂದುಬಿಟ್ಟಳು.

"ಮಿಸ್, ಹೃದಯಕ್ಕೂ ಶಾಂಪೂ ಹಾಕ್ತಾರಾ?"

ತರಗತಿ ಗೊಳ್ಳೆಂದಿತು. ಟೀಚರು ಮೌಸನ್ನು ಅತ್ತಿತ್ತ ಓಡಿಸಿದರು. ಅವಳು ತನ್ನ ಪಾಡಿಗೆ ತಲೆ ಕೊಡವುತ್ತಲೇ ಇದ್ದಳು. ಅವಳು ಹೋದರೆ ಸಾಲ ಕೊಡುವ ಸೂಟಿನವನು. ಅವನು ಹೋಗಿ ಹೃದಯ ಒಮ್ಮೆ ಮಿಡಿಯಿತೋ ಇಲ್ಲವೋ, ಮತ್ತೆ ಕೂದಲಿನವಳು. ಆಗ ಹೊಳೆಯಿತು. ಜಾಹೀರಾತು ಬರಬಾರದೆಂದು ಮಗಳು ತನ್ನ ಖಾತೆಗೆ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತಾಳೆ. ಮನೆಯಲ್ಲಿ ತಾವು ಅಷ್ಟು ಸಲ ನೋಡಿದ್ದು ಮಗಳು ಗುಡಿಸಿಟ್ಟ ಅಂಗಳವನ್ನು.

ಹಿಂದಿನ ಬೆಂಚಿನಲ್ಲಿ ಪೆನ್ನು ಓಡುತ್ತಿತ್ತು. ಟೀಚರು ವಿಡಿಯೊ ಮುಚ್ಚಿದರು. ವಿಳಾಸ ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ವೈದ್ಯಕೀಯ ಕಾಲೇಜಿನ ಪುಟ ತೆರೆಯಿತು. ಪ್ರೊಜೆಕ್ಟರ್ ಆರಿಸಿದರು.

"ಕಿಟಕಿಯ ಪರದೆಗಳು ಮುಚ್ಚೇ ಇರಲಿ. ಎಲ್ರೂ ಕಣ್ಣು ಮುಚ್ಚಿ, ಬರೀ ಕೇಳಿ."

ಸ್ಪೀಕರ್ ಅಂಗೈಯಗಲದ್ದು. ಆ ಮಗ್ಗಿಯ ಅಬ್ಬರದಲ್ಲಿ ಇದರ ದನಿ ಯಾರ ಕಿವಿಗೆ ಬಿದ್ದೀತು? ಬಿಳಿಯ ಚಕ್ರ ಸುತ್ತಿತು, ಸುತ್ತಿತು. ಆಮೇಲೆ, ನೀರಿನಾಳದಿಂದ ಯಾರೋ ತಟ್ಟಿದ ಹಾಗೆ: ಲಬ್-ಡಬ್. ಲಬ್-ಡಬ್.

ಯಾರೂ ಹೇಳದೆಯೇ ಮಕ್ಕಳ ಕೈಗಳು ಎದೆಯ ಮೇಲೆ ಹೋದವು.

"ಮಿಸ್, ನಂದು ಇದಕ್ಕಿಂತ ಜೋರಾಗಿದೆ," ಎಂದಳೊಬ್ಬಳು ಪಿಸುದನಿಯಲ್ಲಿ.

"ನಂದೂ ಅಷ್ಟೇ ಕಣೇ," ಎಂದರು ಟೀಚರು. ಅದು ನಿಜವೇ ಆಗಿತ್ತು.

ಲಬ್ ಎಂದರೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಬಾಗಿಲು ಮುಚ್ಚಿದ್ದು, ಡಬ್ ಎಂದರೆ ರಕ್ತ ಹೊರಗೆ ಹೋಗುವ ಬಾಗಿಲು ಮುಚ್ಚಿದ್ದು ಎಂದು ಹೇಳಿ, ಕಾಯಿಲೆಯ ಹೃದಯವೊಂದರ ಸದ್ದು ಹಾಕಿದರು. ಲಬ್-ಶ್ಶ್‌ಶ್-ಡಬ್. ಕಿಟಕಿಯ ಪಕ್ಕದಿಂದ ಒಂದು ದನಿ ಕೂಗಿಬಿಟ್ಟಿತು: "ಮಿಸ್, ಮೊದಲನೇ ಬಾಗಿಲು ಸರಿಯಾಗಿ ಮುಚ್ಕೊಂಡಿಲ್ಲ! ಸೋರ್ತಾ ಇದೆ!"

ಗಂಟೆ ಹೊಡೆಯಿತು. ಇನ್‌ಸ್ಪೆಕ್ಟರಮ್ಮ ಮೊಣಕಾಲು ನೀವಿಕೊಂಡು ಎದ್ದು ಬಂದರು.

"ವಿಡಿಯೊನ ಇಲ್ಲಿನ ಕಂಪ್ಯೂಟರಲ್ಲೇ ಒಂದ್ಸಲ ನೋಡ್ಕೋಬೇಕಿತ್ತಲ್ವಾ?"

"ಹೌದು ಮೇಡಂ."

"ಆ ಎರಡನೇದು ಎಲ್ಲಿ ಸಿಕ್ತು?"

ಟೀಚರು ವಿಳಾಸ ತೋರಿಸಿದರು. ಅವರು ಬರೆದುಕೊಂಡರು. ಅದು ಮೆಚ್ಚಿ ಬರೆದುಕೊಂಡದ್ದೋ ದೂರಿಗೆಂದೋ ಮುಖದಿಂದ ತಿಳಿಯಲಿಲ್ಲ. "ವರದಿ ಬರುತ್ತೆ," ಎಂದಷ್ಟೇ ಹೇಳಿ ಪಕ್ಕದ ತರಗತಿಗೆ ಹೋದರು.

ಊಟದ ಬಿಡುವಿನಲ್ಲಿ ಮೊಗಸಾಲೆಯ ನಲ್ಲಿಯ ಹತ್ತಿರ ಐದನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಮುಖ ತೊಳೆಯುತ್ತಿದ್ದಳು. ಅತ್ತು ಕೆಂಪಾದ ಕಣ್ಣು.

"ಯಾಕೇ ಪುಟ್ಟಿ?"

"ಇನ್‌ಸ್ಪೆಕ್ಟರ್ ನಂಗೇ ಕೇಳಿಬಿಟ್ರು ಮಿಸ್. ಹದಿಮೂರರ ಮಗ್ಗಿ ಅರ್ಧಕ್ಕೇ ನಿಂತೋಯ್ತು. ನಾವು ಅಲ್ಲೀವರೆಗೇ ಹೇಳಿದ್ದು."

"ಪೂರ್ತಿ ಯಾಕೆ ಹೇಳ್ಕೊಳ್ಲಿಲ್ಲ?"

"ಸರ್ ನಡೂ ಮಧ್ಯೆ ನಿಲ್ಲಿಸ್ಬಿಟ್ರು. ಬಾಯ್ ಮೇಲೆ ಬೆರಳಿಟ್ಕೊಂಡು ಗೋಡೆ ಹತ್ರಾನೇ ನಿಂತಿದ್ರು. ಗಂಟೆ ಹೊಡಿಯೋವರೆಗೂ ಯಾರೂ ಪಿಟ್ ಅನ್ನೋ ಹಾಗಿರ್ಲಿಲ್ಲ." ಮೂಗೆಳೆದುಕೊಂಡು, ಒಂದಿಷ್ಟು ನಕ್ಕಳು. "ನಮಗೂ ಕೇಳಿಸ್ತು ಮಿಸ್. ಡಬ್ ಡಬ್ ಅಂತ."

ಶಿಕ್ಷಕರ ಕೋಣೆಯಲ್ಲಿ ಗಣಿತದ ಮೇಷ್ಟ್ರು ಊಟ ಬಿಚ್ಚಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಉತ್ತರಪತ್ರಿಕೆ ತಿದ್ದುತ್ತಿದ್ದರು. ಟೀಚರು ಬರಿಗೈಯಲ್ಲಿ ಎದುರಿನ ಕುರ್ಚಿಯಲ್ಲಿ ಕೂತರು.

"ಮೇಷ್ಟ್ರೇ, ನಿಮ್ಮ ತಪಾಸಣೆ..."

"ಟಿಕೆಟ್ ಇಡಿ ಅಂದ್ರೂ ಇಡಲೇ ಇಲ್ಲ ನೀವು," ಎಂದರು ಅವರು, ಕಾಗದದಿಂದ ತಲೆ ಎತ್ತದೆ.

ಆಮೇಲೆ ಎಡಗೈಯಿಂದ ಡಬ್ಬಿಯ ಮುಚ್ಚಳಕ್ಕೆ ಅರ್ಧ ಊಟ ಸುರಿದು, ಇದ್ದ ಒಂದೇ ಚಮಚವನ್ನು ಅದರಲ್ಲಿ ಊರಿ, ಮೇಜಿನ ಮೇಲೆ ಟೀಚರ ಕಡೆಗೆ ಸರಿಸಿದರು.