ಹಂಸಾ ಅಮಾವಾಸ್ಯೆಯಂದು ಕೆಲಸಕ್ಕೆ ಸೇರಲಿಲ್ಲ

೧
ಈ ಕಥೆಯನ್ನು ಪಂಚಾಂಗದಿಂದ ಶುರುಮಾಡಲೋ ಹೊಟ್ಟೆಕಿಚ್ಚಿನಿಂದ ಶುರುಮಾಡಲೋ ಎಂದು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಪಿಂಚಣಿಯಿಂದ ಶುರುಮಾಡಿದರೆ ನೀವು ಪುಟ ತಿರುಗಿಸುತ್ತೀರಿ. (ಈಗಾಗಲೇ ತಿರುಗಿಸಿದವರಿಗೆ ನಮಸ್ಕಾರ.) ಇರಲಿ, ಹಂಸಾಳಿಂದಲೇ ಶುರುವಾಗಲಿ.

ಜಯನಗರದ ಹಂಸಾ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಹದಿನೆಂಟು ವರ್ಷದಿಂದ ಊರವರ ರಕ್ತ ತೆಗೆಯುತ್ತಿದ್ದಾಳೆ. ಶೃತಿಯ ಹೆಸರು ಕೇಳಿದಾಗಲೆಲ್ಲ ತನ್ನ ರಕ್ತ ಕುದಿಸಿಕೊಳ್ಳುತ್ತಾಳೆ. ಕತ್ರಿಗುಪ್ಪೆಯ ಶೃತಿ ಅದೇ ಲ್ಯಾಬಿನವಳು, ಅದೇ ಆದೇಶದಲ್ಲಿ ನೇಮಕವಾದವಳು. ಆದರೆ ಶೃತಿಗೆ ಹಳೆಯ ಪಿಂಚಣಿ: ನಿವೃತ್ತಿಯಾದ ಮೇಲೆ ಬದುಕಿರುವವರೆಗೆ ತಿಂಗಳು ತಿಂಗಳು ಖಜಾನೆಯಿಂದ ದುಡ್ಡು. ಹಂಸಾಳಿಗೆ ಹೊಸದು: ಈಗ ಪ್ರತಿ ತಿಂಗಳೂ ಸಂಬಳಕ್ಕೆ ಕತ್ತರಿ, ಆಮೇಲೆ ಮಾರುಕಟ್ಟೆ ಕರುಣಿಸಿದಷ್ಟು.

೨
‘ಅದೊಂದು ಮಂಗಳವಾರ, ತಂಗಾಳಿ ಬೀಸುತ್ತಿತ್ತು...’

(ಹರಿದು ಹಾಕಿದ್ದೇನೆ. ಮಾರ್ಚ್ ಕೊನೆಯಲ್ಲಿ ಎಂಥ ತಂಗಾಳಿ?)

೨, ಮತ್ತೆ
2006ರ ಮಾರ್ಚ್ ಇಪ್ಪತ್ತೆಂಟು, ಮಂಗಳವಾರ. ನೇಮಕಾತಿ ಆದೇಶ ಕೈಗೆ ಬಂತು. ಹಂಸಾಳ ಮಾವ ಜಯಸಿಂಹ ಕನ್ನಡಕ ಏರಿಸಿ ಪಂಚಾಂಗ ತೆಗೆದರು. ಬುಧವಾರ ಅಮಾವಾಸ್ಯೆ, ಸಾಲದ್ದಕ್ಕೆ ಸೂರ್ಯಗ್ರಹಣ. ನಮ್ಮೂರಿಗೆ ಸರಿಯಾಗಿ ಕಾಣದಿದ್ದರೂ ಗ್ರಹಣ ಗ್ರಹಣವೇ. ಗುರುವಾರ ಯುಗಾದಿ, ರಜೆ. ಶುಕ್ರವಾರ ವರ್ಷತೊಡಕು. ಶನಿವಾರ ಶನಿಯದ್ದು. ಭಾನುವಾರ ಆಫೀಸೇ ಇಲ್ಲ.

“ಸೋಮವಾರ ದಿವ್ಯವಾಗಿದೆಯಮ್ಮ. ಜೀವಮಾನದ ಕೆಲಸ, ನಾಲ್ಕು ದಿನಕ್ಕೆ ಏನಾಗ್ಬಿಡುತ್ತೆ?”

ಆಗುವುದೆಲ್ಲ ಆಯಿತು. ಏಪ್ರಿಲ್ ಒಂದರಿಂದ ಕೆಲಸಕ್ಕೆ ಸೇರಿದವರಿಗೆಲ್ಲ ಹೊಸ ಪಿಂಚಣಿ. ಹಂಸಾ ಸೇರಿದ್ದು ಮೂರಕ್ಕೆ. ಶೃತಿ ಅಮಾವಾಸ್ಯೆಯಂದೇ ಹೋಗಿ ಸಹಿ ಹಾಕಿ ಬಂದಿದ್ದಳು.

೩
“ಮೂರು ಮನೆ ಬಾಡಿಗೆ ಬರೋಳಿಗೆ ಪಿಂಚಣಿ ಯಾಕ್ರೀ?” ಎಂದು ಹಂಸಾ ನನ್ನನ್ನೇ ಕೇಳಿದಳು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಶೃತಿಗೆ ಹಲ್ಲೂ ಇದೆ, ಕಡಲೆಯೂ ಇದೆ. ಒಮ್ಮೆ ಸಂಬಳದ ಚೀಟಿ ಬಂದ ದಿನ ಹಂಸಾ ಆ ನೇಮಕಾತಿ ಆದೇಶವನ್ನು ಹೊರಗೆ ತೆಗೆದಳು. ಮಾರ್ಚ್ ತಿಂಗಳ ತಾರೀಖು, ಒಂದರ ಕೆಳಗೊಂದು ಇಬ್ಬರ ಹೆಸರು. ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳು.

ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲಿರುವ ಚೈತ್ರ ಅವಳ ಗೊಣಗಾಟ ಕೇಳಿಸಿಕೊಂಡು, “ಕಟ್ ಆಗೋಕಾದ್ರೂ ಏನೋ ಇದೆಯಲ್ಲ ಮೇಡಂ ನಿಮಗೆ,” ಅಂದಿದ್ದಳು.

(ನನ್ನ ಕಥೆ ಕೇಳಿದರೆ, ನನಗೆ ಚೈತ್ರಳ ಮೇಲೂ ಹೊಟ್ಟೆಕಿಚ್ಚು. ಅವಳಿಗೆ ತಿಂಗಳಿಗೊಮ್ಮೆ ಸಂಬಳವಾದರೂ ಇದೆ. ಕಥೆ ಬರೆಯುವವರಿಗೆ ಪಿಂಚಣಿ ಯಾವ ಪಂಚಾಂಗದಲ್ಲೂ ಇಲ್ಲ. ಆದರೆ ನಾನು ಕೊಳ್ಳುವ ಪೆನ್ನಿನ ಮೇಲಿನ ತೆರಿಗೆಯಲ್ಲಿ ಒಂದು ಚೂರು ಶೃತಿಯ ಮುಪ್ಪಿಗೆ ಹೋಗುತ್ತದೆ. ಸಾಕು, ಕಥೆಗೆ ಬರೋಣ.)

೪
ಈಗ ಸರ್ಕಾರ ಒಂದು ಬಾಗಿಲು ತೆರೆದಿದೆ. ಏಪ್ರಿಲ್ ಒಂದಕ್ಕೆ ಮೊದಲಿನ ಅಧಿಸೂಚನೆಯಲ್ಲಿ ಆಯ್ಕೆಯಾಗಿ, ತಡವಾಗಿ ಸೇರಿದವರು ಹಳೆಯ ಪಿಂಚಣಿಗೆ ಮರಳಬಹುದು, ಒಂದೇ ಸಲದ ಅವಕಾಶ. ಆಫೀಸಿನಲ್ಲಿ ಹಂಸಾಳಿಗೆ ನೇಮಕಾತಿ ಆದೇಶದ ಪ್ರತಿ ತರಲು ಹೇಳಿದರು. ರೆಕಾರ್ಡ್ ರೂಮಿನ ಫೈಲು ಸಿಗಲಿಲ್ಲ. ಇನ್ನೊಂದು ಪ್ರತಿ ಇರುವುದು ಶೃತಿಯ ಮನೆಯಲ್ಲಿ. ನಾಳೆ ಕೊನೆಯ ದಿನ.

ಮುಕ್ತಾಯ ಅ: ಶೃತಿ “ಎಲ್ಲಿಟ್ಟಿದೀನೋ ಸಿಗ್ತಿಲ್ಲ ಕಣೆ” ಅನ್ನುತ್ತಾಳೆ.

“ನಾನಾಗಿದ್ರೆ ಹಾಗೇ ಹೇಳ್ತಿದ್ದೆ,” ಅಂದಳು ಹಂಸಾ. “ಅದಕ್ಕೇ ನನಗೆ ಭಯ. ಬೇರೆ ಬರೀರಿ.”

ಮುಕ್ತಾಯ ಆ: ಮುಂದೊಂದು ದಿನ ಖಜಾನೆಯೇ ಬರಿದಾಗಿ ಇಬ್ಬರೂ ಮುದುಕಿಯರು ಒಂದೇ ಕ್ಯೂನಲ್ಲಿ ಮಾತ್ರೆಗೆ ನಿಲ್ಲುತ್ತಾರೆ.

“ಇದಕ್ಕೆ ಸಮಾನತೆ ಅಂತೀರಾ? ಮೊದಲು ಹೊಡೆದು ಹಾಕಿ.”

೫
ಹೊಡೆದು ಹಾಕಿದೆ. ಡ್ಯೂಟಿ ಮುಗಿಸಿ ಹಂಸಾ ಕತ್ರಿಗುಪ್ಪೆಗೆ ಹೋದಳು. ವಿಷಯ ಹೇಳಿ ಮುಗಿಸುವ ಮೊದಲೇ ಶೃತಿ ಬೀರು ತೆಗೆದು ಆದೇಶ ತಂದಳು. ಲ್ಯಾಮಿನೇಷನ್ ಮಾಡಿಸಿದ್ದಳು.

“ಎಷ್ಟು ಜೋಪಾನ ಮಾಡಿದೀಯ,” ಅಂದಳು ಹಂಸಾ. ಮೆಚ್ಚಿ ಹೇಳಿದ್ದಲ್ಲ.

“ಬಿಸಾಕಕ್ಕೆ ಆಗ್ಲಿಲ್ಲ. ಆವತ್ತು ನನಗೆ ಆರು ತಿಂಗಳು. ಅಮಾಸೆ, ಗ್ರಹಣ. ನಮ್ಮತ್ತೆ, ‘ನಾಲ್ಕು ದಿನದ ಸಂಬಳ ಯಾರು ಕೊಡ್ತಾರೆ, ಹೋಗು’ ಅಂದ್ರು. ಯಾರ ಮನೇಲೂ ಬಸುರೀನ ಹೊಸ್ತಿಲು ದಾಟಕ್ಕೆ ಬಿಡದಿರೋ ದಿನ. ನಾನೊಬ್ಳೇ ಬಸ್ಸಲ್ಲಿ, ಹೊಟ್ಟೆ ಮೇಲೆ ಸೆರಗು ಹೊದ್ಕೊಂಡು. ದೀಪಕ್ ಹುಟ್ಟಿ, ಅವನ ಕೈಬೆರಳು ಕಾಲ್ಬೆರಳು ಎಣಿಸೋವರ್ಗೂ ನನಗೆ ನಿದ್ದೆ ಇರ್ಲಿಲ್ಲ.”

ಹಂಸಾ ಆದೇಶವನ್ನು ಚೀಲದೊಳಗೆ ಇಟ್ಟುಕೊಂಡಳು.

“ನಿನಗೆ ಒಳ್ಳೇ ದಿನ ನೋಡೋರಿದ್ರು,” ಅಂದಳು ಶೃತಿ. “ಹದಿನೆಂಟು ವರ್ಷದಿಂದ ಹೊಟ್ಟೆ ಉರಿಯುತ್ತೆ ಕಣೆ.”

(ಇಲ್ಲಿ ಹಂಸಾಳ ಕಣ್ಣಲ್ಲಿ ನೀರು ಬರೆದಿದ್ದೆ. ಅವಳೇ ಅಳಿಸಿದಳು.) ಅವಳಿಗೆ ಮೊದಲು ಆದದ್ದು ಖುಷಿ. ತನ್ನಲ್ಲೂ ಇನ್ನೊಬ್ಬರು ಕರುಬುವಂಥದ್ದು ಇತ್ತು, ಅದೂ ಶೃತಿ ಕರುಬುವಂಥದ್ದು. ನಾಚಿಕೆ ಆಮೇಲೆ ಬಂತು, ಮೆಟ್ಟಿಲಿಳಿಯುವಾಗ.

೬
ವಾಟರ್ ಟ್ಯಾಂಕ್ ಬಸ್ ಸ್ಟಾಪಿನಲ್ಲಿ ನಾನು ಕೇಳಿಯೇಬಿಟ್ಟೆ: “ನೀವೆಲ್ಲ ಹಳೇ ಪಿಂಚಣಿಗೆ ವಾಪಸ್ ಹೋದ್ರೆ ದುಡ್ಡು ಎಲ್ಲಿಂದ ಬರುತ್ತೆ? ದುಡ್ಡಿಲ್ಲ ಅಂತ್ಲೇ ಚೈತ್ರನ ಪರ್ಮನೆಂಟ್ ಮಾಡಿಲ್ಲ.”

“ಗೊತ್ತು. ದಿನಾ ಅವಳ ಪಕ್ಕದಲ್ಲೇ ಕೂರೋದು ನಾನು. ಹಾಗಂತ ಬಿಟ್ಟುಬಿಡ್ಲಾ? ನೀವಾಗಿದ್ರೆ ಬಿಡ್ತಿದ್ರಾ?”

ನಾನು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಾವ.

“ಆದೇಶ ಸಿಕ್ತೇನಮ್ಮ? ನಾಳೆ ಅಮಾವಾಸ್ಯೆ.” ಮಾವ ಕೆಮ್ಮಿದರು. “ಬೆಳಿಗ್ಗೆ ಬೇಗ ಹೋಗ್ಬಿಡು. ಪಂಚಾಂಗ ಅಟ್ಟಕ್ಕೆ ಹಾಕಿದೀನಿ.”

ಹಂಸಾ ಫೋನು ಚೀಲಕ್ಕೆ ಹಾಕಿ ಮುಖ ಒರೆಸಿಕೊಂಡಳು. ಇದನ್ನು ಅಳಿಸಿ ಅನ್ನಲಿಲ್ಲ.

“ಸರಿ, ನಾಳೆ ಕೌಂಟರ್ ಹತ್ರ ಸಿಗ್ತೀನಿ,” ಅಂದೆ. “ಅರ್ಜಿ ತಗೊಂಡ್ರಾ ಇಲ್ವಾ ಅಂತ ಓದೋರಿಗೆ ಹೇಳ್ಬೇಕಲ್ಲ.”

“ನೀವು ಬರ್ಬೇಡಿ.”

“ಕಥೆ ನಂದಲ್ವಾ?”

“ಅರ್ಜಿ ನಂದು. ಪಿಂಚಣಿ ಇಲ್ದಿರೋರು ನೀವು. ನಿಮ್ಮ ಕಣ್ಣು ಬೀಳುತ್ತೆ.”

ಬಸ್ ಬಂತು, ಹತ್ತಿ ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಹಾಗಾಗಿ ನಾನು ಇಲ್ಲೇ ಸ್ಟಾಪಿನಲ್ಲಿ ಕೂತಿದ್ದೇನೆ. ನಾಳೆ ಏನಾಯಿತೆಂದು ತಿಳಿಯಬೇಕಿದ್ದರೆ ನೀವೇ ಹೋಗಿ ನೋಡಿ, ನಿಮಗೆ ಪಿಂಚಣಿ ಇದ್ದರೆ.