ರೆಕ್ಕೆಯ ಕೆಳಗಿನ ಮೆತ್ತೆಗಳು

ಕೊಚಬಾಂಬಾ ಊರಿನ ಎಲೆಯುತೇರಿಯೊ ಮಾಂಸ ಸಾಗಿಸುವ ಹಳೆಯ ವಿಮಾನಗಳಿಗೆ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಅವನ ತಮ್ಮ ಫೌಸ್ಟಿನೊ ಅಂಥದೊಂದು ವಿಮಾನವನ್ನು ಬೆಟ್ಟಸಾಲಿನ ಮೇಲೆ ಹಾರಿಸಿಕೊಂಡು ಹೋದವನು ತಿರುಗಿ ಬರಲಿಲ್ಲ. ನಾಲ್ಕು ದಿನ ಹುಡುಕಿದರು. ಇನ್ನೂ ಹುಡುಕಿ ಎಂದು ಫೌಸ್ಟಿನೊನ ಹೆಂಡತಿ ನಿಕೊಲಾಸಾ ಅಂಗಲಾಚಿದಾಗ ತಡೆದವನು ಎಲೆಯುತೇರಿಯೊನೇ.

"ಬಿಡಮ್ಮ, ಬಿದ್ದ ಕ್ಷಣವೇ ಪ್ರಾಣ ಹೋಗಿರುತ್ತೆ. ವಿಮಾನದ ವಿಷಯ ನಂಗೆ ಗೊತ್ತು" ಎಂದಿದ್ದ. ಹುಡುಕಾಟ ನಿಂತಿತು.

ಹತ್ತೊಂಬತ್ತು ವರ್ಷಗಳ ಮೇಲೆ ಬೆಟ್ಟ ಹತ್ತುವವರು ಯಾರೋ ಆ ವಿಮಾನವನ್ನು ಕಂಡು ಫೋಟೋ ತೆಗೆದು ತಂದರು. ನಿಕೊಲಾಸಾ ಅದನ್ನು ಭಾವನ ಮೇಜಿನ ಮೇಲಿಟ್ಟಳು.

"ಅಲ್ಲಿಗೆ ಹತ್ತೋಕೆ ನನ್ನ ಮಂಡಿ ಕೇಳಲ್ಲ, ಭಾವ. ನೀವು ಪುಟ್ಟ ಪುಟ್ಟ ವಿಮಾನ ಮಾಡ್ತೀರಲ್ಲ, ಇದನ್ನೂ ಮಾಡ್ಕೊಡಿ. ಹೆಂಗಿದೆಯೋ ಹಂಗೇ."

"ಮುರಿದಿದ್ದನ್ನ ಮಾಡೋಕೆ ಜಾಸ್ತಿ ದಿನ ಬೇಕಮ್ಮ."

"ಇಷ್ಟು ವರ್ಷ ಕಾದಿದೀನಿ. ಇನ್ನೊಂದಿಷ್ಟು ದಿನ ಕಾಯಲ್ವಾ?"

ಅವನು ಪ್ಲಾಸ್ಟಿಕ್ ವಿಮಾನದ ಬೆನ್ನು ಮುರಿದ. ಬಿಯರ್ ಡಬ್ಬಿಯ ತಗಡು ಕತ್ತರಿಸಿ ಹರಿದ ರೆಕ್ಕೆ ಮಾಡಿದ. ಉಪ್ಪಿನ ಹರಳು ಅಂಟಿಸಿ ಮೇಲೆ ಬಣ್ಣ ಬಳಿದ; ಒಣಗಿದ ಮೇಲೆ ಉಜ್ಜಿದರೆ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದು, ಹಿಮ ಬಿಸಿಲು ತಿಂದ ಲೋಹದ ಹಾಗೆ ಕಂಡಿತು. ರೆಕ್ಕೆಯ ನೆರಳು ಎಲ್ಲಿ ಬೀಳುತ್ತದೆಂದು ನೋಡಲು ಫೋಟೋದ ಮೇಲೆ ಭೂತಗನ್ನಡಿ ಹಿಡಿದಾಗ ಅವನ ಕೈ ಅಲ್ಲೇ ನಿಂತಿತು. ರೆಕ್ಕೆಯ ಕೆಳಗೆ ಸೀಟಿನ ಮೆತ್ತೆಗಳು ಸಾಲಾಗಿ ಹಾಸಿದ್ದವು. ಗಾಳಿ ಬರುವ ಕಡೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಯಾರೋ ಮೊಣಕಾಲೆತ್ತರದ ಗೋಡೆ ಕಟ್ಟಿದ್ದರು.

ಒಂದು ದಿನದಲ್ಲಿ ಕಟ್ಟುವ ಗೋಡೆಯಲ್ಲ ಅದು.

ಅವನು ಮೆತ್ತೆಗಳನ್ನೂ ಗೋಡೆಯನ್ನೂ ಬಿಟ್ಟು ಉಳಿದದ್ದನ್ನೆಲ್ಲ ಮಾಡಿ ಮುಗಿಸಿದ.

ಭಾನುವಾರ ಬೆಳಿಗ್ಗೆ ನಿಕೊಲಾಸಾ ಬಿಸಿ ಸಾಲ್ತೆನ್ಯಾ ಕಡುಬು ಕಟ್ಟಿಕೊಂಡು ಬಂದಳು. ಬಗ್ಗಿ ಬಹಳ ಹೊತ್ತು ನೋಡಿದಳು.

"ಮೆತ್ತೆ ಎಲ್ಲಿ, ಭಾವ?"

"ನೀನು... ನೋಡಿದ್ಯಾ?"

"ಮೊದಲನೇ ದಿನವೇ. ನೀವಾಗೇ ಹೇಳ್ತೀರೇನೋ ಅಂತ ಕಾದೆ."

"ನಂಗೆ ಗೊತ್ತಿರಲಿಲ್ಲಮ್ಮ, ಆಣೆ ಮಾಡಿ..."

"ಗೊತ್ತು ಅಂದಿದ್ರಿ."

ಅವನು ಕತ್ತರಿ ಕೈಗೆತ್ತಿಕೊಂಡ. ಸ್ಪಂಜು ಕತ್ತರಿಸಿ ನಾಲ್ಕು ಮೆತ್ತೆ ಮಾಡಿದ. ಅಂಗಳದಿಂದ ಸಣ್ಣ ಹರಳು ಆರಿಸಿ ತಂದು ಗೋಡೆ ಪೇರಿಸಿದ. ಅವಳು ಪಕ್ಕದಲ್ಲೇ ಕೂತು, ಇನ್ನೂ ಎತ್ತರ, ಇನ್ನೂ ಒಂದು ಕಲ್ಲು, ಎಂದು ಹೇಳುತ್ತಾ ಹೋದಳು. ಅಂಟು ಒಣಗಿದ ಮೇಲೆ ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಹಿಡಿದು ಹೊರಟಳು.

ಆಮೇಲೆ ಎಲೆಯುತೇರಿಯೊ ಎರಡು ಸಲ ಅವಳ ಮನೆಗೆ ಹೋದ. ಒಳಗೆ ರೇಡಿಯೊ ಹಾಡುತ್ತಿತ್ತು. ಬಾಗಿಲು ಬಡಿದಾಗ ಅದನ್ನು ಯಾರೋ ಆರಿಸಿದರು. ಬಾಗಿಲು ಮಾತ್ರ ತೆರೆಯಲಿಲ್ಲ.