ಬಾಗಿಲು ತೆಗೆಯದ ಮನೆಗಳು

ಗಂಡನಿಂದ ಏಟು ತಿನ್ನುವ ಹೆಂಗಸರೆಷ್ಟು ಎಂದು ಮನೆಮನೆಗೂ ಹೋಗಿ ಕೇಳುವ ಸಮೀಕ್ಷೆ ಅದು. ಬಂದ ಉತ್ತರಗಳ ಲೆಕ್ಕ ತಿದ್ದುವುದು ಅವಳ ಕೆಲಸ. ಆಫೀಸಿನಲ್ಲೂ ನೆಂಟರಲ್ಲೂ ಅವಳಿಗೆ ಲೆಕ್ಕದಮ್ಮ ಎಂದೇ ಹೆಸರು.

"ಬಾಗಿಲು ತೆಗೆಯದ ಮನೆಗಳನ್ನ ಕೈಬಿಡಮ್ಮ, ಉತ್ತರ ಕೊಟ್ಟೋರಲ್ಲೇ ಲೆಕ್ಕ ಮುಗಿಸು," ಎಂದರು ಮೇಲಧಿಕಾರಿ.

"ಅಲ್ಲೇ ಸಾರ್ ನಾವು ಎಡವೋದು. ತಟ್ಟಿ ತಟ್ಟಿ ಸಾಕಾದ್ಮೇಲೆ ತೆಗೆದ ಮನೆಗಳಲ್ಲೇ ಏಟು ತಿಂದೋರು ಜಾಸ್ತಿ. ತೆಗೀದೇ ಇರೋರೂ ಹಾಗೇ ಇರ್ತಾರೆ. ಅವರ ಪಾಲನ್ನೂ ಹೀಗೆ ತಡವಾಗಿ ತೆಗೆದೋರ ಉತ್ತರಕ್ಕೇ ಸೇರಿಸಿ ಎಣಿಸ್ಬೇಕು. ಗಂಡ ಪಕ್ಕದಲ್ಲಿದ್ದಾಗ 'ಏನಿಲ್ಲ' ಅಂದಿದ್ದನ್ನಂತೂ ನಂಬಲೇಬಾರದು."

ಹೇಳಿದ್ದೇ ತಡ, ಅವಳಿಗೆ ಅಕ್ಕನ ನೆನಪಾಯಿತು. ಅಕ್ಕ ಫೋನ್ ಎತ್ತದೆ ಎಷ್ಟು ದಿನವಾಗಿತ್ತು? ಏನೋ ಕೆಲಸವಿರಬೇಕೆಂದು ಸುಮ್ಮನೆ ಕೂತಿದ್ದಳು, ಮಹಾ ಬುದ್ಧಿವಂತೆ. ಹಿಂದಿನ ಸಲ ಹೋದಾಗ ಅಕ್ಕನ ತೋಳು ಕಂದಿತ್ತು. ಕೇಳಿಯೂ ಇದ್ದಳು, ಭಾವ ಎದುರಿಗೇ ಟೀ ಕುಡಿಯುತ್ತಿರುವಾಗ: "ಇದೇನಕ್ಕ, ಭಾವ ಹೊಡೆದ್ರಾ?" ಮೂವರೂ ನಕ್ಕಿದ್ದರು. "ಏನಿಲ್ವೇ, ಬಾಗಿಲು ತಗುಲ್ತು," ಎಂದಿದ್ದಳು ಅಕ್ಕ. ಊರಿಗೆಲ್ಲ ಮಾಡಬೇಡಿ ಎಂದು ಪಾಠ ಹೇಳುವ ತಪ್ಪನ್ನು ತಾನೇ ನಗುನಗುತ್ತ ಮಾಡಿದ್ದಳು.

ಸಂಜೆ ನೇರವಾಗಿ ಅಕ್ಕನ ಮನೆಗೆ ಹೋದಳು. ತಟ್ಟಿದಳು, ಕಾದಳು, ಮತ್ತೆ ತಟ್ಟಿದಳು. ಕೊನೆಗೆ ಬಾಗಿಲು ಗೇಣಗಲ ತೆರೆಯಿತು.

"ಅವರು ಸ್ನಾನಕ್ಕೆ ಹೋಗಿದ್ದಾರೆ. ಬೇಗ ಹೊರಟ್ಬಿಡು," ಎಂದು ಅಕ್ಕ ಪಿಸುಗುಟ್ಟಿದಳು.

"ಹೊಡೀತಾರಾ ಅಕ್ಕ?"

"ಅವತ್ತು ಅವರೆದುರಿಗೇ ಕೇಳಿದ್ಯಲ್ಲೇ. ನೀನು ಮೆಟ್ಟಿಲಿಳಿಯೋವರೆಗೂ ನಗ್ತಾನೇ ಇದ್ರು. ಆಮೇಲೆ, ತಂಗಿ ಹತ್ರ ಏನೇನು ಹೇಳಿದ್ದೀಯಾ ಅಂತ ಶುರು ಮಾಡಿದ್ರು."

ಬಚ್ಚಲಿನ ಚಿಲಕದ ಸದ್ದಾಯಿತು. ಯಾರಾದರೂ ಬಂದರೆ ತಕ್ಷಣ ಮಾತು ಬದಲಿಸಿ ನೀರಿನ ಬಗ್ಗೆ ಕೇಳಿ ಎಂದು ಸಮೀಕ್ಷೆಯವರಿಗೆ ಕಲಿಸಿದ್ದೂ ಅವಳೇ. ಅಭ್ಯಾಸಬಲ, ಬಾಯಿ ತಾನಾಗಿ ಆಡಿತು: "ನಲ್ಲೀಲಿ ನೀರು ದಿನಾ ಬರುತ್ತಾ?"

"ಬರುತ್ತೆ," ಎಂದಳು ಅಕ್ಕ. ಕಣ್ಣು ತುಂಬಿತ್ತು.

ಭಾವ ತಲೆ ಒರೆಸಿಕೊಳ್ಳುತ್ತ ಬಂದ. "ಓಹೋ, ಲೆಕ್ಕದಮ್ಮನ ಸವಾರಿ. ಏನು ಸಮಾಚಾರ?"

ಈ ಸಲ ಅವಳು ನಗಲಿಲ್ಲ. ಬಾಗಿಲನ್ನು ಪೂರ್ತಿ ತಳ್ಳಿ ಅಕ್ಕನ ಕೈ ಹಿಡಿದಳು. "ಚಪ್ಪಲಿ ಹಾಕ್ಕೋ ಅಕ್ಕ. ನಮ್ಮನೆಗೆ ಹೋಗೋಣ."

ಅಕ್ಕ ಚಪ್ಪಲಿಗೂ ಕಾಯದೆ ಹೊಸ್ತಿಲು ದಾಟಿದಳು. ಭಾವ ಹಿಂದಿನಿಂದ ಕೂಗುತ್ತಲೇ ಇದ್ದ. ಮೆಟ್ಟಿಲಿಳಿಯುವಾಗ ತಂಗಿ, "ತಪ್ಪಾಯ್ತು ಕಣಕ್ಕ," ಎಂದಳು.

"ಅವತ್ತೇ ಹೀಗೆ ಕರೆದಿದ್ರೂ ಬರ್ತಿದ್ದೆ ಕಣೇ," ಎಂದಳು ಅಕ್ಕ.